ತಲೆಗೆ ಬಂದದ್ದು ರುಮಾಲಿಗೆ

ಬೆಂಗಳೂರಿನ ವಿಜಯನಗರದ ಯಾವ ಅಡ್ಡರಸ್ತೆಯಲ್ಲಾದರೂ ಸರಿ, ರಾತ್ರಿ ಎಂಟರಿಂದ ಹತ್ತರವರೆಗೆ ಸುಮ್ಮನೆ ಗೇಟಿನ ಬಳಿ ನಿಂತು ನೋಡಿ. ಒಂದಾದ ಮೇಲೊಂದು ಬೈಕು ಬರುತ್ತಿರುತ್ತದೆ. ನಮಗೆ ಎಲ್ಲವೂ ಒಂದೇ ಸದ್ದು. ಆದರೆ ತಿರುವಿನಲ್ಲಿ ಒಂದು ಬೈಕು ಗೇರು ಇಳಿಸಿದ್ದೇ ತಡ, ಯಾವುದೋ ಮನೆಯ ಅಡುಗೆಮನೆಯಲ್ಲಿ ತಾಯಿಯೊಬ್ಬಳು ತಟ್ಟೆ ತೆಗೆದಿಡುತ್ತಾಳೆ. ಟೀವಿ ನೋಡುತ್ತಿದ್ದ ಅಪ್ಪ ಅದುವರೆಗೆ ಒಂದು ಮಾತನ್ನೂ ಕೇಳಿಸಿಕೊಂಡಿರುವುದಿಲ್ಲ, ಈಗ ಸಮಾಧಾನವಾಗಿ ಕಾಲು ಚಾಚುತ್ತಾನೆ. ಮಗ ಬಂದ, ಇಲ್ಲವೇ ಮಗಳು ಬಂದಳು. ಗೇಟು ತೆಗೆದ ಸದ್ದು ಕೇಳಿದ ಮೇಲೆ ಆ ಮನೆಗೆ ರಾತ್ರಿಯಾಗುತ್ತದೆ.

ಮಕ್ಕಳು ಒಮ್ಮೆ ಬೈಕಿನಿಂದ ಬಿದ್ದ ಮನೆಯಲ್ಲಿ ಈ ಕಿವಿ ಬೇರೆಯದೇ ಆಗಿಬಿಡುತ್ತದೆ. ನಮ್ಮ ಮನೆಯಲ್ಲಿ ಹಾಗಾಯಿತು. ಮಗ ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಬರುವಾಗ, ನಾಯಂಡಹಳ್ಳಿಯ ಹತ್ತಿರ ಯಾವುದೋ ಲಾರಿಯಿಂದ ಚೆಲ್ಲಿದ್ದ ಜಲ್ಲಿಯ ಮೇಲೆ ಚಕ್ರ ಜಾರಿ ಬಿದ್ದ. ಕುತ್ತಿಗೆಯ ಕೆಳಗಿನ ಮೂಳೆ ಮುರಿಯಿತು, ಮೊಣಕೈ ಚರ್ಮ ಕಿತ್ತುಹೋಯಿತು, ಹೆಲ್ಮೆಟ್ ಎಡಗಡೆ ಬಿರುಕು ಬಿಟ್ಟಿತು. ಈಗ ಅವನು ಚೆನ್ನಾಗಿದ್ದಾನೆ. ಮೂಳೆ ಕೂಡಿತು, ಗಾಯ ಮಾಯಿತು. ಮಾಯದೆ ಉಳಿದದ್ದು ನಮ್ಮಿಬ್ಬರ ಭಯ. ಹೀಗೆ ಎಷ್ಟು ಮನೆಗಳಲ್ಲಿ ಎಷ್ಟು ಜನ ಗೇಟಿನ ಸದ್ದಿಗೆ ಕಾಯುತ್ತಾ ಕೂತಿರಬಹುದು ಎಂದು ಯೋಚಿಸಿದಾಗ, ಈ ಭಯದ ಬಗ್ಗೆ ನಾಲ್ಕು ಮಾತು ಆಡಬೇಕು ಅನ್ನಿಸಿತು.

ಅಂಥ ಸುದ್ದಿ ಬರುವುದು ಮಗನ ನಂಬರಿನಿಂದಲೇ. ಪರದೆಯ ಮೇಲೆ ಅವನದೇ ಹೆಸರು, ದನಿ ಮಾತ್ರ ಬೇರೆಯವರದು: ‘ಈ ಫೋನಿನವರು ನಿಮಗೇನಾಗಬೇಕು?’ ಈ ಪ್ರಶ್ನೆ ಕೇಳಿದ ಯಾವ ತಂದೆತಾಯಿಯೂ ಅದನ್ನು ಮರೆಯಲಾರರು. ಆಮೇಲೆ ಆಸ್ಪತ್ರೆಯ ಕಾರಿಡಾರು, ಸಿಟಿ ಸ್ಕ್ಯಾನ್, ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಎಂದು ಬರೆಯುವ ದಪ್ಪ ಪುಸ್ತಕ, ‘ಇವತ್ತೊಂದು ರಾತ್ರಿ ಅಬ್ಸರ್ವೇಷನ್‌ನಲ್ಲಿ ಇರಲಿ’ ಎನ್ನುವ ವೈದ್ಯರು. ಆಗ ಭಯವಾಗುವುದಿಲ್ಲ, ಮಾಡುವುದಕ್ಕೆ ಕೆಲಸವಿರುತ್ತದೆ. ಭಯ ಬರುವುದು ಮನೆಗೆ ಬಂದ ಮೇಲೆ, ಅವನು ಮಲಗಿ ನಿದ್ದೆ ಹೋದ ಮೇಲೆ.

ನಂತರ ನೋಡಲು ಬರುವವರು. ರಾಜಾಜಿನಗರದಿಂದ ನಾದಿನಿ, ಬಸವೇಶ್ವರನಗರದಿಂದ ಹಳೆಯ ಸಹೋದ್ಯೋಗಿ, ಎದುರುಮನೆಯ ಅಜ್ಜಿ. ಕೈಯಲ್ಲಿ ಸೇಬು, ಎಳನೀರು, ಹಾರ್ಲಿಕ್ಸು. ‘ದೃಷ್ಟಿ ತೆಗೆಸಿ’ ಎಂದವರುಂಟು, ‘ಜಾತಕ ತೋರಿಸಿ, ಮೃತ್ಯುಂಜಯ ಹೋಮ ಮಾಡಿಸಿ’ ಎಂದವರುಂಟು, ‘ಮೊದಲು ಆ ಗಾಡಿ ಮಾರಿ’ ಎಂದವರುಂಟು. ಆದರೆ ಬಂದವರೆಲ್ಲರೂ ಹೊರಡುವಾಗ ಆಡಿದ್ದು ಒಂದೇ ಮಾತು: ‘ಹೋಗಲಿ ಬಿಡಿ, ತಲೆಗೆ ಬಂದದ್ದು ರುಮಾಲಿಗೆ ಹೋಯಿತು.’ ಎಷ್ಟೋ ಸಲ ಕೇಳಿದ ಗಾದೆ. ಬಿರುಕು ಬಿಟ್ಟ ಹೆಲ್ಮೆಟ್ಟು ಷೂ ರ‍್ಯಾಕಿನ ಮೇಲೆ ಕೂತಿದ್ದಾಗ ಅದೇ ಗಾದೆ ಅಕ್ಷರಶಃ ನಿಜವಾಗಿತ್ತು. ತಲೆಗೆ ಬಂದದ್ದನ್ನು ತಾನು ತೆಗೆದುಕೊಂಡ ರುಮಾಲು ಅದು.

ಹೆಲ್ಮೆಟ್ಟಿನ ಕತೆಗೂ ಒಂದು ಸಾವಿನ ನಂಟಿದೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಜಗತ್ತಿಗೆ ಗೊತ್ತಿದ್ದ ಟಿ. ಇ. ಲಾರೆನ್ಸ್‌ಗೆ ಮೋಟಾರ್‌ಸೈಕಲ್ ಎಂದರೆ ಪ್ರಾಣ. 1935ರ ಮೇ 13ರಂದು ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ, ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಏನೂ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಕೊಂಡ. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕರು ಇದ್ದರು. ಆ ಸಾವು ಅವರನ್ನು ಕಾಡಿತು. ಬೈಕಿನಿಂದ ಬಿದ್ದು ಸತ್ತವರ ತಲೆಪೆಟ್ಟುಗಳನ್ನು ಅವರು ಅಧ್ಯಯನ ಮಾಡಿ, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬೈಕಿನ ಮೇಲೆ ಓಡಾಡುತ್ತಿದ್ದ ಸೈನಿಕರ ತಲೆಗೆ ಹೆಲ್ಮೆಟ್ ಬಂದದ್ದರ ಹಿಂದೆ ಅವರ ಪಟ್ಟುಹಿಡಿದ ಕೆಲಸವಿದೆ. ತನ್ನ ಕೈಯಲ್ಲಿ ಉಳಿಯದ ಒಬ್ಬ ರೋಗಿಗಾಗಿ ದುಃಖಪಡುತ್ತಾ ಕೂರದೆ, ಮುಂದಿನವನ ತಲೆ ಕಾಯಲು ಹೊರಟ ಮನುಷ್ಯ ಆತ.

ಹೆಲ್ಮೆಟ್ಟು ಕೆಲಸ ಮಾಡುವ ಬಗೆ ಸರಳ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ, ಒಳಗಿನ ಥರ್ಮೊಕೋಲ್‌ನಂಥ ಪದರ ನಜ್ಜುಗುಜ್ಜಾಗಿ ರಭಸವನ್ನು ನುಂಗುತ್ತದೆ. ಒಮ್ಮೆ ನಜ್ಜಾದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದು, ಹೊರಗೆ ಚೆನ್ನಾಗಿ ಕಂಡರೂ ಹಾಕಬಾರದು. ಗಲ್ಲದ ಪಟ್ಟಿ ಬಿಗಿಯದಿದ್ದರೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ಟು ಹಾರಿ ಹೋಗಿರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ತಜ್ಞರು, ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಶೇ. 42ರಷ್ಟು, ತಲೆಪೆಟ್ಟಿನ ಅಪಾಯ ಶೇ. 69ರಷ್ಟು ತಗ್ಗುತ್ತದೆ ಎಂದಿದ್ದಾರೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿದೆ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರೇ 50,029. ಅಷ್ಟು ಮನೆಗಳಲ್ಲಿ ಗಾದೆ ಸುಳ್ಳಾಯಿತು. ತಲೆಗೆ ಬಂದದ್ದು ತಲೆಗೇ ಬಂತು.

ನಮ್ಮ ಕಡೆ ಹೊಸ ಬೈಕು ಕೊಂಡರೆ ಮೊದಲು ಹೋಗುವುದು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ. ಸಂಜೆ ಹೊತ್ತು ಅಲ್ಲಿ ನಿಂತರೆ ವಾಹನಗಳ ಸಾಲು ಕಾಣುತ್ತದೆ. ಹೂವಿನ ಹಾರ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಈಡುಗಾಯಿ. ಹುಡುಗ ಕೀ ತಿರುಗಿಸುತ್ತಾನೆ, ಅಮ್ಮ ಕೈಮುಗಿಯುತ್ತಾಳೆ. ಆ ಕೈಮುಗಿಯುವಿಕೆಯಲ್ಲಿ ಇರುವುದಷ್ಟೂ ಮಗನ ತಲೆಯ ಚಿಂತೆಯೇ. ಹೊಸ ಬೈಕಿನ ಜೊತೆ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟನ್ನೂ ಆರತಿ ತಟ್ಟೆಯ ಪಕ್ಕದಲ್ಲಿಟ್ಟು ಪೂಜೆ ಮಾಡಿಸಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಎರಡು ಏಕೆಂದರೆ ಹಿಂದೆ ಕೂರುವವನಿಗೂ ಒಂದು ಬೇಕು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ‘ನಾನು ಹಿಂದೆ ಕೂತಿದ್ದೀನಲ್ಲ, ನನಗೇನು’ ಎನ್ನುವ ಮಾತು ಮಾತ್ರ ಇನ್ನೂ ಹೋಗಿಲ್ಲ.

ಹಿಂದೆ ಕೂತವರ ಮಾತು ಬಂದಾಗಲೆಲ್ಲ ನನಗೆ ಸಂಚಾರಿ ವಿಜಯ್ ನೆನಪಾಗುತ್ತಾರೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯಿಂದ ಬಂದು, ರಂಗಭೂಮಿಯಲ್ಲಿ ಬೆಳೆದು, ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದ. 2021ರ ಜೂನ್ 12ರ ರಾತ್ರಿ ಗೆಳೆಯನ ಬೈಕಿನ ಹಿಂದೆ ಕೂತು ಜೆ.ಪಿ. ನಗರದಲ್ಲಿ ಹೋಗುತ್ತಿದ್ದಾಗ ಬೈಕು ಜಾರಿತು, ತಲೆಗೆ ಪೆಟ್ಟಾಯಿತು. ಕೋವಿಡ್ ಕಾಲದಲ್ಲಿ ಕಷ್ಟದಲ್ಲಿದ್ದವರಿಗೆ ನೆರವಾಗುತ್ತಾ ಓಡಾಡುತ್ತಿದ್ದವರು ಅವರು. ಮೆದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಹೇಳಿದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಅಂಥ ಗಳಿಗೆಯಲ್ಲಿ ಆ ಕಾಗದಕ್ಕೆ ಸಹಿ ಹಾಕುವುದು ಎಷ್ಟು ದೊಡ್ಡ ಮಾತು ಎಂಬುದು ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ರಾತ್ರಿ ಕಳೆದವರಿಗೆ ತಿಳಿಯುತ್ತದೆ.

ಇನ್ನೊಬ್ಬನ ಹೆಸರನ್ನು ಪಶ್ಚಿಮ ಬೆಂಗಳೂರಿನವರು ಮರೆಯುವಂತಿಲ್ಲ. ಹರೀಶ್ ನಂಜಪ್ಪ, ಗುಬ್ಬಿ ಕಡೆಯ ಹುಡುಗ. 2016ರ ಫೆಬ್ರವರಿ 16ರಂದು ಊರಿನಿಂದ ಬೆಂಗಳೂರಿಗೆ ಬೈಕಿನಲ್ಲಿ ಬರುತ್ತಿದ್ದಾಗ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡಾಯಿತು. ಆ ಸ್ಥಿತಿಯಲ್ಲೂ ಅವನು ತನ್ನ ಅಂಗಗಳನ್ನು ದಾನ ಮಾಡಿ ಎಂದು ಬಂದವರನ್ನು ಕೇಳಿಕೊಂಡ. ಅವನ ಕಣ್ಣುಗಳು ಬಂದದ್ದು ನಮ್ಮ ರಾಜಾಜಿನಗರದ ಕಾರ್ಡ್ ರಸ್ತೆಯ ನಾರಾಯಣ ನೇತ್ರಾಲಯಕ್ಕೆ. ಹೆಲ್ಮೆಟ್ ಹಾಕಿದ್ದರಿಂದ ಕಣ್ಣುಗಳಿಗೆ ಏನೂ ಆಗಿರಲಿಲ್ಲ. ಅದೇ ವರ್ಷ ಮಾರ್ಚ್ 8ರಂದು ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಆರಂಭಿಸಿತು. ಅಪಘಾತವಾದ ಮೊದಲ 48 ಗಂಟೆ, 25,000 ರೂಪಾಯಿವರೆಗೆ, ಯಾರು ಏನು ಎಂದು ಕೇಳದೆ ಚಿಕಿತ್ಸೆ ಕೊಡಬೇಕು ಎಂಬುದು ಅದರ ಉದ್ದೇಶವಾಗಿತ್ತು. ಕಾರ್ಡ್ ರಸ್ತೆಯಲ್ಲಿ ಆ ಕಟ್ಟಡದ ಮುಂದೆ ಹಾದುಹೋಗುವಾಗ ಅವನ ತಾಯಿಯನ್ನು ನೆನೆಯುತ್ತೇನೆ. ನನ್ನ ಮಗ ಮನೆಗೆ ಬಂದ, ಆಕೆಯ ಮಗ ಬರಲಿಲ್ಲ. ಇಬ್ಬರೂ ಹೆಲ್ಮೆಟ್ ಹಾಕಿದ್ದವರೇ. ಹೆಲ್ಮೆಟ್ಟು ಎಲ್ಲವನ್ನೂ ತಡೆಯುವುದಿಲ್ಲ ಎಂಬುದನ್ನೂ ಹೆತ್ತವರು ತಿಳಿದಿರಬೇಕು.

ಅದನ್ನು ತಿಳಿದ ಮೇಲೆಯೇ ಭಯ ನಿಜವಾಗಿ ಮನೆಯೊಳಗೆ ಬಂದು ಕೂರುವುದು. ಅದು ತಾಯಿಯಲ್ಲಿ ಒಂದು ರೂಪ, ತಂದೆಯಲ್ಲಿ ಒಂದು ರೂಪ. ತಾಯಿ ಹರಕೆ ಹೊರುತ್ತಾಳೆ, ಫೋನು ಮಾಡುತ್ತಾಳೆ. ತಂದೆ ಸಿಟ್ಟಾಗುತ್ತಾನೆ, ಕೀಯನ್ನು ಬೀರುವಿನಲ್ಲಿ ಇಡುತ್ತಾನೆ. ನಮ್ಮ ಮನೆಯಲ್ಲಿಯೂ ಗಾಡಿ ಮಾರುವ ಮಾತು ದಿನಗಟ್ಟಲೆ ನಡೆಯಿತು. ನನ್ನ ಹೆಂಡತಿ ಮಾರೋಣ ಎಂದಳು, ಮಗ ಕೆಲಸಕ್ಕೆ ಹೇಗೆ ಹೋಗಲಿ ಎಂದ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು.

ನಮ್ಮ ತಲೆಮಾರಿಗೆ ಬೈಕು ಎಂದರೆ ಸಂಭ್ರಮ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬರುತ್ತಿದ್ದ ಜಾವಾ, ಆಮೇಲೆ ಯೆಜ್ಡಿ, ಅದರ ಸದ್ದಿಗೆ ಬೀದಿಯ ಮಕ್ಕಳೆಲ್ಲ ಓಡಿ ಬರುತ್ತಿದ್ದೆವು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದವರು ಬೋನಸ್ಸಿನ ದುಡ್ಡಿಗೆ ಸಾಲ ಸೇರಿಸಿ ಗಾಡಿ ಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟರೆ ಮನೆಗೆ ಹಬ್ಬ. ಆಗ ರಸ್ತೆ ಖಾಲಿ, ವೇಗ ಕಡಿಮೆ. ಈಗ ನಾಯಂಡಹಳ್ಳಿಯಲ್ಲಿ ಬಸ್ಸು, ಲಾರಿ, ಟೆಂಪೋ, ನೈಸ್ ರಸ್ತೆಯ ಕಡೆಯಿಂದ ಬರುವ ಕಾರುಗಳು ಒಟ್ಟಿಗೆ ಸೇರುತ್ತವೆ. ಅದರ ನಡುವೆ ನುಸುಳಿಕೊಂಡು ಹೋಗುವವರಲ್ಲಿ ಊಟದ ಪೊಟ್ಟಣ ಹೊತ್ತ ಹುಡುಗರೇ ಎಷ್ಟೋ. ಅವರ ತಂದೆತಾಯಿ ಮಂಡ್ಯದಲ್ಲೋ ಹಾಸನದಲ್ಲೋ ಕಲಬುರಗಿಯಲ್ಲೋ ಇರುತ್ತಾರೆ. ಅವರಿಗೆ ಗೇಟಿನ ಸದ್ದೂ ಕೇಳುವುದಿಲ್ಲ. ಈ ಹುಡುಗರಿಗೆ ‘ಬೈಕು ಬಿಡು’ ಎನ್ನುವುದೂ ‘ಅನ್ನ ಬಿಡು’ ಎನ್ನುವುದೂ ಒಂದೇ.

ಬಿಡಬಹುದಾದವರು ಬಿಡಲಿ, ಅದಕ್ಕೆ ನನ್ನ ಒಪ್ಪಿಗೆಯಿದೆ. ನೇರಳೆ ಮಾರ್ಗದ ಮೆಟ್ರೊ 2015ರಲ್ಲಿ ವಿಜಯನಗರಕ್ಕೆ, 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು. ರಾಜಾಜಿನಗರಕ್ಕೆ ಹಸಿರು ಮಾರ್ಗ 2014ರಿಂದಲೇ ಇದೆ. ನಮ್ಮ ಮಗ ಈಗ ಕೆಲಸಕ್ಕೆ ಮೆಟ್ರೊದಲ್ಲಿ ಹೋಗುತ್ತಾನೆ, ನಿಲ್ದಾಣದವರೆಗೆ ಮಾತ್ರ ಬೈಕು. ಮೆಟ್ರೊ ಒಂದು ಊರಿನ ಎಷ್ಟು ತಾಯಂದಿರ ನಿದ್ದೆ ಉಳಿಸಿದೆ ಎಂಬುದನ್ನು ಯಾವ ಯೋಜನಾ ವರದಿಯೂ ಲೆಕ್ಕ ಹಾಕಿರಲಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ನಿಂತದ್ದೂ ಒಳ್ಳೆಯದೇ ಆಯಿತು. ಹುಡುಗರಿಗೆ ಬೇಸರವಾಗಿರಬಹುದು, ಹೆತ್ತವರಿಗೆ ಒಂದು ಚಿಂತೆ ಕಡಿಮೆಯಾಯಿತು.

ಭಯದ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆಯೇ ಇದೆ. ಭಯ ಕಾವಲುಗಾರನಂತೆ ಬಂದು, ನಾವು ಎಚ್ಚರ ತಪ್ಪಿದರೆ ತಾನೇ ಅಪಾಯವಾಗಿಬಿಡುತ್ತದೆ. ಮಗ ಹೊರಟು ಹತ್ತು ನಿಮಿಷಕ್ಕೆ ‘ಎಲ್ಲಿದ್ದೀಯಾ?’ ಎಂದು ಫೋನು ಹೊಡೆಯುತ್ತದೆ. ಅವನು ಮಾಗಡಿ ರಸ್ತೆಯ ದಟ್ಟಣೆಯ ಮಧ್ಯೆ ಇರುತ್ತಾನೆ. ಎತ್ತದಿದ್ದರೆ ಅಮ್ಮ ಹೆದರುತ್ತಾಳೆ ಎಂದು ಅವನಿಗೆ ಗೊತ್ತು. ಹೆಲ್ಮೆಟ್ಟಿನೊಳಗೆ ಫೋನು ತುರುಕಿಕೊಂಡು ‘ಬರ್ತಿದ್ದೀನಮ್ಮಾ’ ಎನ್ನುತ್ತಾನೆ. ಅವನನ್ನು ಉಳಿಸಲೆಂದು ಮಾಡಿದ ಕರೆಯೇ ಅವನ ಕಣ್ಣನ್ನು ರಸ್ತೆಯಿಂದ ಕಿತ್ತಿತು. ‘ಬೇಗ ಬಾ, ಕತ್ತಲಾಯಿತು’ ಎನ್ನುವ ಪ್ರೀತಿಯ ಮಾತೂ ಆಕ್ಸಿಲರೇಟರ್ ತಿರುವುತ್ತದೆ. ಹೊರಡುವಾಗ ಒಂದು ಸಂದೇಶ, ತಲುಪಿದ ಮೇಲೆ ಒಂದು ಸಂದೇಶ, ನಡುವೆ ಯಾರೂ ಕರೆಯಬಾರದು. ನಮ್ಮ ಮನೆಯಲ್ಲಿ ಈಗ ಇದೇ ಕಟ್ಟಳೆ. ಆ ನಡುವಿನ ಹೊತ್ತು ನಮಗೆ ಕಷ್ಟ. ಆ ಕಷ್ಟ ನಮ್ಮದಾಗಿರಲಿ, ಅವನ ಹ್ಯಾಂಡಲಿನದಾಗುವುದು ಬೇಡ.

ಅದಕ್ಕಿಂತ ದೊಡ್ಡ ಅಪಾಯ ಮಕ್ಕಳು ಬಚ್ಚಿಡುವುದು. ನನ್ನ ಮಗನನ್ನು ನೋಡಲು ಬಂದ ಗೆಳೆಯರು ಕೋಣೆಯ ಬಾಗಿಲು ಮುಂದೆ ಮಾಡಿ ತಮ್ಮ ತಮ್ಮ ಬಿದ್ದ ಕತೆಗಳನ್ನು ಹೇಳಿಕೊಳ್ಳುತ್ತಿದ್ದರು. ಹಾಲು ತರಲು ಹೋಗಿ ಬಿದ್ದದ್ದು, ಮಳೆಯಲ್ಲಿ ಅಂಡರ್‌ಪಾಸಿನಲ್ಲಿ ಜಾರಿದ್ದು, ಆಟೋಗೆ ಗುದ್ದಿದ್ದು. ‘ಮನೇಲಿ ಹೇಳಿದ್ಯಾ?’ ಎಂದರೆ ಎಲ್ಲರದೂ ಒಂದೇ ಉತ್ತರ: ‘ಹೇಳಿದ್ರೆ ಗಾಡಿ ಕಿತ್ಕೋತಾರೆ.’ ಉದ್ದ ತೋಳಿನ ಅಂಗಿ ಹಾಕಿಕೊಂಡು ಗಾಯ ಮುಚ್ಚಿ ಊಟಕ್ಕೆ ಕೂತವರು ಅವರು.

ತಲೆಪೆಟ್ಟಿನ ವಿಷಯದಲ್ಲಿ ಈ ಮೌನ ಕೊಲ್ಲುತ್ತದೆ. ತಲೆಬುರುಡೆ ಮತ್ತು ಮೆದುಳಿನ ಹೊದಿಕೆಯ ನಡುವೆ ರಕ್ತನಾಳ ಹರಿದು ನಿಧಾನವಾಗಿ ರಕ್ತ ತುಂಬಿಕೊಳ್ಳುವ ಒಂದು ಸ್ಥಿತಿಯುಂಟು. ಬಿದ್ದವನು ಎದ್ದು ನಿಲ್ಲುತ್ತಾನೆ, ಮಾತಾಡುತ್ತಾನೆ, ‘ನನಗೇನೂ ಆಗಿಲ್ಲ’ ಎಂದು ಮನೆಗೂ ಬರುತ್ತಾನೆ. ಕೆಲವು ಗಂಟೆಗಳ ಮೇಲೆ ತಲೆನೋವು ಏರುತ್ತದೆ, ವಾಂತಿ, ಮಂಪರು, ಆಮೇಲೆ ಪ್ರಜ್ಞೆ ಹೋಗುತ್ತದೆ. ಹಾಲಿವುಡ್ ನಟಿ ನತಾಶಾ ರಿಚರ್ಡ್‌ಸನ್ 2009ರಲ್ಲಿ ಕೆನಡಾದ ಹಿಮದ ಮೇಲೆ ಜಾರಿ ಬಿದ್ದು, ಚೆನ್ನಾಗಿದ್ದೇನೆಂದು ಕೋಣೆಗೆ ಹೋಗಿ, ಎರಡೇ ದಿನದಲ್ಲಿ ತೀರಿಕೊಂಡದ್ದು ಇದರಿಂದಲೇ. ಸಮಯಕ್ಕೆ ಸ್ಕ್ಯಾನ್ ಮಾಡಿ ರಕ್ತ ತೆಗೆದರೆ ಬದುಕಿಸಬಹುದಾದ ಪೆಟ್ಟು ಅದು. ಆ ಸಮಯ ಸಿಗಬೇಕಾದರೆ ಬಿದ್ದವನು ‘ಅಮ್ಮಾ, ಇವತ್ತು ಬಿದ್ದೆ’ ಎಂದು ಹೇಳಬೇಕು. ಆ ಮಾತು ಹೇಳಲು ಅವನು ಹೆದರುವ ಮನೆಯಲ್ಲಿ, ಹೆತ್ತವರ ಪ್ರೀತಿ ಎಷ್ಟಿದ್ದರೂ ಉಪಯೋಗಕ್ಕೆ ಬಾರದು. ಮಗ ಬಿದ್ದು ಬಂದು ಹೇಳಿದರೆ ಮೊದಲು ಕೂರಿಸಿ, ತಲೆ ಮುಟ್ಟಿ ನೋಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೈಯುವುದಿದ್ದರೆ ಇನ್ನೊಂದು ದಿನ ಬೈಯಿರಿ.

ಹೀಗೆಂದ ಮಾತ್ರಕ್ಕೆ ಹೆತ್ತವರು ಎಲ್ಲಕ್ಕೂ ಹೂಂ ಎನ್ನಬೇಕೆಂದಲ್ಲ. ಬಸವೇಶ್ವರನಗರದ ಟ್ಯೂಷನ್ ಸೆಂಟರುಗಳ ಮುಂದೆ ಸಂಜೆ ಸ್ಕೂಟರು ನಿಲ್ಲಿಸುವ ಮಕ್ಕಳಲ್ಲಿ ಮೀಸೆ ಮೂಡದವರೂ ಇರುತ್ತಾರೆ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು ಗೇರಿಲ್ಲದ 50 ಸಿಸಿಯೊಳಗಿನ ಗಾಡಿಗೆ ಮಾತ್ರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಸ್ಕೂಟರುಗಳೆಲ್ಲ ಅದನ್ನು ಮೀರಿದವು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಮಗುವಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಇದು ಕಠಿಣ ಕಾನೂನು, ಇರಬೇಕಾದ ಕಾನೂನು. ಕೀ ಬೀರುವಿನಲ್ಲಿ ಇಡಬೇಕಾದ ವಯಸ್ಸು ಅದು. ಇಪ್ಪತ್ತೆರಡರ ಮಗನ ಕೀ ಕಿತ್ತುಕೊಂಡರೆ ಅವನು ಗೆಳೆಯನ ಬೈಕಿನಲ್ಲಿ ಹೆಲ್ಮೆಟ್ಟಿಲ್ಲದೆ ಹಿಂದೆ ಕೂತು ಹೋಗುತ್ತಾನೆ.

ನಮ್ಮ ಭಯಕ್ಕೆ ಹೊರಗೂ ಕೆಲಸವಿದೆ. 2022ರ ಅಕ್ಟೋಬರ್‌ನಲ್ಲಿ ರಾಜಾಜಿನಗರದ ಸುಜಾತಾ ಚಿತ್ರಮಂದಿರದ ಬಳಿ ಮಗಳು ಓಡಿಸುತ್ತಿದ್ದ ಸ್ಕೂಟರಿನಿಂದ ಬಿದ್ದ ತಾಯಿಯ ಮೇಲೆ ಬಸ್ಸು ಹರಿಯಿತು. ಗುಂಡಿಬಿದ್ದ ರಸ್ತೆಯ ಬಗ್ಗೆ ಊರೆಲ್ಲ ಸಿಟ್ಟಾಯಿತು. ಸಿಟ್ಟು ಇಳಿಯಿತು, ಗುಂಡಿಗಳು ಪ್ರತಿ ಮಳೆಗಾಲ ಮತ್ತೆ ಬಂದವು. ನಮ್ಮ ಬೀದಿಯ ಗುಂಡಿ, ಆರಿದ ದೀಪ, ಬಣ್ಣ ಬಳಿಯದ ಹಂಪು, ಚೆಲ್ಲಿದ ಜಲ್ಲಿ, ಇವುಗಳ ಫೋಟೋ ತೆಗೆದು ಪಾಲಿಕೆಗೆ ಕಳಿಸುವುದು, ಕಳಿಸಿದ ಮೇಲೆ ಬೆನ್ನು ಹತ್ತುವುದು, ಬೀದಿಯ ನಾಲ್ಕು ಮನೆಯವರು ಸೇರಿ ವಾರ್ಡ್ ಕಚೇರಿಗೆ ಹೋಗುವುದು, ಇದೂ ಮಕ್ಕಳನ್ನು ಕಾಯುವ ಬಗೆಯೇ. ಹರಕೆ ಹೊತ್ತ ತಾಯಿ ಆ ಅರ್ಜಿಗೂ ಸಹಿ ಹಾಕಲಿ.

ಇನ್ನು ಆ ಅಪರಿಚಿತನ ಮಾತು. ನನ್ನ ಮಗನನ್ನು ರಸ್ತೆಬದಿಗೆ ತಂದು, ಆಟೋ ಹತ್ತಿಸಿ, ನಮಗೆ ಫೋನು ಮಾಡಿದವರು ಯಾರೆಂದು ನಮಗೆ ಇವತ್ತಿಗೂ ತಿಳಿಯದು. ಪೊಲೀಸು, ಕೋರ್ಟು ಎಂದು ಹೆದರಿ ಜನ ನಿಲ್ಲುವುದಿಲ್ಲ ಎನ್ನುತ್ತೇವೆ. ಆದರೆ ನೆರವಾದವರನ್ನು ಹೆಸರು ಹೇಳಲು ಒತ್ತಾಯಿಸಬಾರದು, ತಡೆದು ಕೂರಿಸಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಮುದ್ರೆ ಒತ್ತಿದೆ. ಕರ್ನಾಟಕ ಇದಕ್ಕಾಗಿ ತನ್ನದೇ ಕಾನೂನು ಮಾಡಿದ ಮೊದಲ ರಾಜ್ಯ. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಅಪಘಾತಕ್ಕೀಡಾದವರಿಗೆ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯೂ ಇದೆ. ಬಿದ್ದವರನ್ನು ಕಂಡರೆ 108ಕ್ಕೆ ಕರೆ ಮಾಡಿ. ಬಾಯಿಗೆ ನೀರು ಸುರಿಯಬೇಡಿ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ, ಕುತ್ತಿಗೆ ಅಲುಗಾಡಿಸಬೇಡಿ. ರಕ್ತ ಸೋರುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ನಿಮ್ಮ ಮಕ್ಕಳ ಫೋನಿನಲ್ಲಿ, ಬೀಗ ತೆಗೆಯದೆಯೂ ಕಾಣುವಂತೆ ಮನೆಯ ನಂಬರು ಹಾಕಿಸಿಡಿ.

ಹೆತ್ತವರಿಗೂ ಒಂದು ಮಾತು. ಸೈರನ್ ಕೇಳಿದರೆ ಕೈ ನಡುಗುವುದು, ರಾತ್ರಿ ಬೆಚ್ಚಿ ಏಳುವುದು, ಅದೇ ಚಿತ್ರ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು, ಇದೆಲ್ಲ ಬಿದ್ದವರಿಗೆ ಮಾತ್ರವಲ್ಲ, ಅವರನ್ನು ಕಾದವರಿಗೂ ಆಗುತ್ತದೆ. ವಾರಗಳು ಕಳೆದರೂ ಹೋಗದಿದ್ದರೆ ಅದಕ್ಕೂ ವೈದ್ಯರಿದ್ದಾರೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನನ್ನ ಹೆಂಡತಿ ಮಾತಾಡಿದಳು, ಹಗುರಾದಳು.

ಭಯ ಹೋಗುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಹೋಗಬೇಕೆಂದು ನನಗೆ ಆಸೆಯೂ ಇಲ್ಲ, ಮಕ್ಕಳಿರುವವರೆಗೆ ಅದು ಇರಲಿ. ಆದರೆ ಅದು ಮಕ್ಕಳ ಬಾಯಿ ಮುಚ್ಚಿಸದಿರಲಿ. ಓದುಗರೇ, ನಿಮ್ಮ ಮನೆಯಲ್ಲಿ ಬೈಕು ಓಡಿಸುವ ಮಗನೋ ಮಗಳೋ ಇದ್ದರೆ ಇವತ್ತೇ ಎರಡು ಕೆಲಸ ಮಾಡಿ. ಅವರ ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗುತ್ತದೆಯೇ ಎಂದು ನೀವೇ ನೋಡಿ. ಆಮೇಲೆ ಎದುರಿಗೆ ಕೂರಿಸಿಕೊಂಡು, ‘ಎಲ್ಲಿ ಬಿದ್ದರೂ, ಯಾರದೇ ತಪ್ಪಿದ್ದರೂ, ಮೊದಲು ನಮಗೆ ಹೇಳು, ನಾವು ಗಾಡಿಯ ಮಾತು ಎತ್ತುವುದಿಲ್ಲ’ ಎಂದು ಮಾತು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ.